ನೀಲಿ ತಾಡಪತ್ರಿಯ ಪುದೀನಾ

“ಏ, ಆ ಪುದೀನಾ ಯಾವ ತಾಡಪತ್ರಿ ಮ್ಯಾಲ ಒಣಗಿಸಿದ್ದಿ?”

ಮಜ್ಜಿಗೆಗೆ ಪುದೀನಾ ಪುಡಿ ಉದುರಿಸುತ್ತಿದ್ದ ನನ್ನನ್ನು, ಮಾಳಿಗೆಯಿಂದ ಇಳಿದು ಬಂದ ಯಜಮಾನರು ಕೇಳಿದರು.

“ನೀಲಿದರ ಮ್ಯಾಲ್ರಿ. ಝಾಡಿಸೇ ಹಾಸಿದ್ದೆ.”

“ಅದರ ಮ್ಯಾಲ ಬಿತ್ತೋ ಕಡ್ಲಿ ಬೀಜಕ್ಕ ಹುಳದ ಔಷಧ ಹಚ್ಚಿದ್ವಿ! ಮೊದಲ ಚೆಲ್ಲು ಅದನ್ನ!”

ತಂಬಿಗೆಯ ಮಜ್ಜಿಗೆಯನ್ನು ಬಚ್ಚಲಿಗೆ ಸುರಿದೆ. ನಮ್ಮ ಹಿತ್ತಲ ಪುದೀನಾಕ್ಕೆ ಒಂದು ಹನಿ ಔಷಧ ಹೊಡೆದಿಲ್ಲವೆಂದು ನಮ್ಮೂರು ಸವಡಿಯ ಓಣಿಗೆಲ್ಲ ಹೇಳಿಕೊಂಡವಳು ನಾನು. ಪುಣ್ಯಕ್ಕೆ ಮನೆಯಲ್ಲಿ ಇನ್ನೂ ಯಾರೂ ಅದನ್ನು ಬಾಯಿಗಿಟ್ಟಿರಲಿಲ್ಲ. ಆದರೆ ಎರಡು ದಿನದ ಹಿಂದೆ ಸೂಡಿಯಲ್ಲಿರುವ ತಂಗಿಗೆ ಒಂದು ಬಾಟಲಿ ಪುಡಿ ಕಳಿಸಿದ್ದೆ. ಅವಳು ಮೂರು ತಿಂಗಳ ಬಸುರಿ. ವಾಕರಿಕೆಗೆ ಒಳ್ಳೆಯದು, ದಿನಾ ಮಜ್ಜಿಗೆಗೆ ಹಾಕಿ ಕುಡಿ ಎಂದು ಒತ್ತಾಯಿಸಿದ್ದೂ ನಾನೇ.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಇಬ್ಬರೂ ಬೈಕ್ ಹತ್ತಿದೆವು. ದಾರಿಯುದ್ದಕ್ಕೂ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದೆ.

ತಂಗಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. “ಪುಡಿ ಎಲ್ಲೈತಿ?” ಎಂದೆ. ಅವಳು ಗಾಬರಿಯಿಂದ ಒಳಗೆ ಹೋಗಿ ಬಾಟಲಿ ತಂದಳು. ಮುಚ್ಚಳಕ್ಕೆ ನಾನು ಸುತ್ತಿದ್ದ ದಾರ ಹಾಗೇ ಇತ್ತು.

“ಮನಿಗೆ ಬಂದವರಿಗೆ ಬೇಕಾಗ್ತೈತಿ ಅಂತ ತಗದಿಟ್ಟಿದ್ದೆ, ಅಕ್ಕಾ.”

ಒಳ್ಳೆಯದನ್ನೆಲ್ಲ ಬಂದವರಿಗೆಂದು ಎತ್ತಿಡುವ ಅವಳ ಚಾಳಿಗೆ ಎಷ್ಟು ಸಲ ಬೈದಿದ್ದೆನೋ! ಈಗ ನಮ್ಮ ಪುದೀನಾ ಒಗೆದ ಧೋತರದ ಮೇಲೆ, ನೆರಳಲ್ಲಿ ಒಣಗುತ್ತದೆ. ಆದರೂ ಯಾರಿಗೇ ಕೊಡಲಿ, ಮೊದಲ ಚಿಟಿಕೆ ಅವರೆದುರೇ ನನ್ನ ಬಾಯಿಗೆ ಹೋಗುತ್ತದೆ.