ಎಲ್ನಾಳ ಮೇಜಿನ ಮುಂದೆ ಕೆಂಪಾದ ಕೆನ್ನೆ

ಎಲ್ನಾ ಬುಸ್ಕ್ ಮೂವತ್ತೊಂದು ವರ್ಷ ಬೇರೆಯವರ ಮಕ್ಕಳಿಗೆ ಊಟ ಹಾಕಿದವಳು. ಬಂದರಿನ ಹಿಂದಿನ ಬೀದಿಯಲ್ಲಿ ಹಳದಿ ಇಟ್ಟಿಗೆಯ ಮನೆ ಅವಳದು. ಬೆಳಿಗ್ಗೆ ಆರೂವರೆಗೆ ಮೊದಲ ಮಗು ಬಂದರೆ ಸಂಜೆ ನಾಲ್ಕೂವರೆಗೆ ಕೊನೆಯದು ಹೊರಡುತ್ತಿತ್ತು. ಒಮ್ಮೆಗೆ ನಾಲ್ಕೇ ಮಕ್ಕಳು, ಎಲ್ಲರೂ ಮೂರರ ಒಳಗಿನವರು. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೆ ಅದು ನಗರಸಭೆಯ ಕಟ್ಟಳೆ. ನನ್ನ ಇಬ್ಬರು ಮಕ್ಕಳೂ ಅವಳ ಅಡುಗೆಮನೆಯ ನೆಲದಲ್ಲೇ ನಡಿಗೆ ಕಲಿತರು. ಮಧ್ಯಾಹ್ನ ಇಲ್ಲಿನ ವಾಡಿಕೆಯಂತೆ ಅವಳ ಅಂಗಳದಲ್ಲಿ, ಹಿಮ ಬೀಳುವ ದಿನವೂ, ತೊಟ್ಟಿಲುಗಾಡಿಗಳಲ್ಲಿ ಹೊದ್ದು ಮಲಗಿದರು.

ಊಟದ ವಿಷಯದಲ್ಲಿ ಅವಳದೇ ಒಂದು ಕ್ರಮ. ಮಕ್ಕಳ ಜೊತೆ ತಾನೂ ಮೇಜಿಗೆ ಕೂತು ತಿನ್ನುವಳು. ಕೈಯಲ್ಲಿ ಹಿಡಿಯಬಲ್ಲ ಮಗುವಿಗೆ ಚಮಚದಲ್ಲಿ ತಿನ್ನಿಸಳು. ತೆಳ್ಳಗೆ ಕೊಯ್ದ ರೈ ಬ್ರೆಡ್ಡು, ಅದರ ಮೇಲೆ ಬೆಣ್ಣೆ, ಹಂದಿ ಲಿವರ್ ಅರೆದು ಬೇಯಿಸಿದ ಹಚ್ಚಿಕೆ, ಸೌತೆಕಾಯಿಯ ಬಿಲ್ಲೆ, ಮೊಟ್ಟೆ. ಯಾರು ಏನು ತಿಂದರು, ಏನು ಎಸೆದರು ಎಂದು ಪ್ರತಿ ಮಗುವಿನ ಪುಸ್ತಕದಲ್ಲಿ ಬರೆದು ಸಂಜೆ ಚೀಲಕ್ಕೆ ಹಾಕುವಳು. ತಾಯಿ ಬೇಡವೆಂದದ್ದನ್ನು ಆ ಮನೆಯಲ್ಲಿ ಯಾವ ಮಗುವಿಗೂ ಕೊಟ್ಟದ್ದಿಲ್ಲ. ಅದು ಅವಳ ಅಭಿಮಾನ. ಬಾಯಿಬಿಟ್ಟು ಹೇಳದಿದ್ದರೂ ಊರಿಗೆಲ್ಲ ಗೊತ್ತಿದ್ದ ಅಭಿಮಾನ.

ವಿಗ್ಗಾ ಬಂದದ್ದು ಆಗಸ್ಟಿನಲ್ಲಿ, ಹನ್ನೊಂದು ತಿಂಗಳಾಗಿದ್ದಾಗ. ತಾಯಿ ಸಿಗ್ನೆ ಬಂದರಿನ ಚಿಪ್ಪುಮೀನಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಚುರುಕು ಹೆಂಗಸು, ಮಾತಿಗಿಂತ ಹೆಜ್ಜೆ ಬೇಗ. ತಂದೆ ಯೆಪ್ಪೆ ಉತ್ತರ ಸಮುದ್ರದ ಗಾಳಿವಿದ್ಯುತ್ ಕಂಬಗಳ ಮೇಲೆ ಎರಡು ವಾರ ಕೆಲಸ, ಮನೆಯಲ್ಲಿ ಎರಡು ವಾರ. ಮಗುವಿನ ಚಿಂತೆಯೆಲ್ಲ ಸಿಗ್ನೆಯ ತಲೆಯ ಮೇಲೇ ಇತ್ತು.

ಅಕ್ಟೋಬರಿನಲ್ಲಿ ಎಲ್ನಾ ತನ್ನ ಮರದ ಹುಳಿ ಸೇಬನ್ನು ಹೆಚ್ಚಿ ಕೊಟ್ಟಳು. ಎರಡು ನಿಮಿಷವಾಗಿರಲಿಲ್ಲ, ವಿಗ್ಗಾಳ ಕೆನ್ನೆಯ ಮೇಲೆ ಕೆಂಪು ಹರಡಿತು. ಎಲ್ನಾ ಸೇಬನ್ನು ತೆಗೆದಿಟ್ಟು, ಮುಖ ತೊಳೆದು, ಉಸಿರಾಟ ನೋಡಿದಳು. ಮಗು ನಗುತ್ತಿತ್ತು. ಅರ್ಧ ಗಂಟೆಗೆ ಕೆಂಪು ತಾನಾಗಿಯೇ ಇಳಿಯಿತು. ಕಂಡದ್ದನ್ನು ಕಂಡ ಹಾಗೆಯೇ ಪುಸ್ತಕದಲ್ಲಿ ಬರೆದಳು.

ಮರುದಿನ ಸಿಗ್ನೆ ಹೇಳಿದಳು, "ಸೇಬು ಬೇಡ." ಮುಂದಿನ ವಾರ ಟೊಮೆಟೊ ಬೇಡವಾಯಿತು. ಆಮೇಲೆ ಒಣದ್ರಾಕ್ಷಿ. ಕ್ರಿಸ್‌ಮಸ್ಸಿಗೆ ಕಿತ್ತಳೆ, ಹೊಸ ವರ್ಷಕ್ಕೆ ಚೀಸು, ಮೊಟ್ಟೆ, ಫೆಬ್ರವರಿಗೆ ರೈ ಬ್ರೆಡ್ಡು. ಊರಿನ ವೈದ್ಯರು ರಕ್ತ ತೆಗೆಸಿದರು. ಆಸ್ಪತ್ರೆಯಲ್ಲಿ ತೋಳಿನ ಮೇಲೆ ಚುಚ್ಚಿ ನೋಡಿದರು. ಏನೂ ಸಿಕ್ಕಲಿಲ್ಲ. ಅಲ್ಲಿಗೆ ಹೋದಾಗ ಕೆನ್ನೆ ಹಾಲಿನ ಹಾಗೆ ಬೆಳ್ಳಗಿರುತ್ತಿತ್ತು.

"ಪರೀಕ್ಷೆಗೆ ಸಿಗದ ಅಲರ್ಜಿನೂ ಇರುತ್ತಂತೆ," ಎಂದಳು ಸಿಗ್ನೆ. "ಫೋನಲ್ಲಿ ಎಷ್ಟು ಜನ ಅಮ್ಮಂದಿರು ಬರೆದಿದಾರೆ ಗೊತ್ತಾ?"

"ಇರಬಹುದಮ್ಮ. ಆದ್ರೆ ಇವಳಿಗೆ ತುರಿಕೆ ಇಲ್ಲ, ವಾಂತಿ ಇಲ್ಲ. ಹಸಿವು ಮಾತ್ರ ಇದೆ," ಎಂದಳು ಎಲ್ನಾ.

ಏಪ್ರಿಲ್ ಹೊತ್ತಿಗೆ ವಿಗ್ಗಾಳ ತಟ್ಟೆಯಲ್ಲಿ ಉಳಿದದ್ದು ಬೇಯಿಸಿದ ಆಲೂಗಡ್ಡೆ, ನೀರಲ್ಲಿ ಕಾಸಿದ ಓಟ್ಸ್ ಗಂಜಿ, ಉಪ್ಪಿಲ್ಲದ ಟರ್ಕಿ ಕೋಳಿ. ಮೂರು ತಿಂಗಳಿಂದ ಮಗುವಿನ ತೂಕ ಕೂಡಿಲ್ಲವೆಂದು ಮನೆಗೆ ಬರುವ ಆರೋಗ್ಯ ದಾದಿ ಹೇಳಿಹೋದಳು. ಮೇಜಿನ ಇನ್ನೊಂದು ಬದಿಯಲ್ಲಿ ಸ್ಟೋರ್ಮ್ ಕೂರುತ್ತಿದ್ದ. ಇನ್ನೇನು ಮೂರು ತುಂಬುವ ಗುಂಡು ಹುಡುಗ, ಲಿವರ್ ಹಚ್ಚಿದ ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ತಿನ್ನುವವನು. ವಿಗ್ಗಾ ಅವನ ಕೈಯನ್ನೇ ನೋಡುತ್ತ ತನ್ನ ಆಲೂಗಡ್ಡೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು.

ಇಷ್ಟಾದರೂ ಕೆಂಪು ಬರುತ್ತಲೇ ಇತ್ತು. ಅದೂ ಹೆಚ್ಚಾಗಿ ಎಲ್ನಾಳ ಮನೆಯಲ್ಲೇ.

ಮೇ ತಿಂಗಳ ಮೊದಲ ವಾರ ಒಂದು ಸಂಜೆ ಸಿಗ್ನೆ ಬಾಗಿಲಲ್ಲೇ ನಿಂತು ಕೇಳಿದಳು, "ಎಲ್ನಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೇಲಿ ಅದೇ ಆಲೂಗಡ್ಡೆ, ಅದೇ ಗಂಜಿ. ಏನೂ ಆಗಲ್ಲ. ಇಲ್ಲಿ ದಿನಾ ಆಗುತ್ತೆ. ಏನು ಕೊಡ್ತಿದೀರಿ ಇವಳಿಗೆ?"

"ನೀನು ಹೇಳಿದ್ದನ್ನೇ."

"ಬರೀ ಅದನ್ನೇ?"

"ಬರೀ ಅದನ್ನೇ."

"ಪಾಪ ಅಂತ ಒಂದು ಚೂರು ಬ್ರೆಡ್ಡು, ಒಂದು ತುಂಡು ಸೌತೆಕಾಯಿ... ನಂಗರ್ಥ ಆಗುತ್ತೆ, ನಿಮಗೆ ಇವಳ ಮೇಲೆ ಪ್ರೀತಿ ಇದೆ."

"ಪ್ರೀತಿ ಇದೆ. ಚೂರೂ ಕೊಟ್ಟಿಲ್ಲ."

ಸಿಗ್ನೆ ಮಗುವಿನ ಬೂಟಿನ ದಾರ ಬಿಗಿದಳು. ತಲೆ ಎತ್ತಲಿಲ್ಲ. "ನಗರಸಭೆ ಕಚೇರಿಗೆ ಬರೆದಿದೀನಿ. ಜೂನ್ ಒಂದರಿಂದ ಬೇರೆ ಮನೆಗೆ ಹಾಕ್ತಾರೆ. ಅಲ್ಲಿ ಇವಳನ್ನ ಬೇರೆ ಮೇಜಲ್ಲಿ ಕೂರಿಸ್ತಾರಂತೆ."

ಎಲ್ನಾ ಬಾಗಿಲು ಹಾಕಿಕೊಂಡು ಒಳಗೆ ಬಂದಳು. ತನ್ನ ಹೆಸರಿಗೆ ಮಸಿ ಬಿತ್ತು ಎಂಬುದು ನೋಯಿಸಲಿಲ್ಲವೆಂದಲ್ಲ. ಆದರೆ ಕಣ್ಣ ಮುಂದೆ ನಿಂತದ್ದು ಆ ಬೇರೆ ಮೇಜು. ಗೋಡೆಗೆ ಮುಖ ಮಾಡಿ, ಒಂಟಿಯಾಗಿ, ಆಲೂಗಡ್ಡೆ ತಿರುಗಿಸುತ್ತಿರುವ ಮಗು. ಅಲ್ಲಿಯೂ ಕೆಂಪು ಬಂದರೆ ಆಲೂಗಡ್ಡೆಯೂ ಹೋಗುತ್ತದೆ. ಮುಂದೆ?

ಮರುದಿನದಿಂದ ಅವಳು ತನ್ನನ್ನೇ ಶಂಕಿಸತೊಡಗಿದಳು. ಊಟಕ್ಕೆ ಮೊದಲು ಮೇಜನ್ನು ವಿನೆಗರ್ ಹಾಕಿ ಎರಡು ಸಲ ಒರೆಸಿದಳು. ನೆಲದ ಸಂದುಗಳಲ್ಲಿ ಬ್ರೆಡ್ಡಿನ ಪುಡಿ ಇದೆಯೇ ಎಂದು ಮೊಣಕಾಲೂರಿ ನೋಡಿದಳು. ಏಪ್ರನ್ನಿನ ಜೇಬನ್ನು ಒಳಹೊರಗು ಮಾಡಿ ಕೊಡವಿದಳು. ಅವಳ ಗಂಡ ಪೋವ್ಲ್ ಬಂದರಿನ ಕೆಲಸದಿಂದ ನಿವೃತ್ತನಾದವನು. ಕಿಟಕಿಯ ಬಳಿ ಪತ್ರಿಕೆ ಹಿಡಿದು ಇದನ್ನೆಲ್ಲ ನೋಡುತ್ತಿದ್ದ.

"ಇನ್ನು ನನ್ನ ಜೇಬೂ ತಡಕು. ತಿಂಡಿ ಕಳ್ಳಸಾಗಣೆ ಮಾಡೋನು ನಾನೇ ಇರಬಹುದು."

"ತಮಾಷೆ ಸಾಕು, ಪೋವ್ಲ್. ನಾನು ಮರೆತು ಏನಾದ್ರೂ ಕೊಟ್ಟುಬಿಟ್ಟಿದ್ರೆ? ಅರವತ್ತೆರಡಾಯ್ತು ನಂಗೆ."

"ನೀನು ಮರೆಯೋಳಾ? ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ನಾನು ನಿಮ್ಮಮ್ಮನ ಬಗ್ಗೆ ಆಡಿದ ಮಾತು ಇನ್ನೂ ನೆನಪಿಟ್ಟಿದೀಯ."

ಎಲ್ನಾ ನಗಲಿಲ್ಲ. ಪತ್ರಿಕೆ ಮಡಿಚಿ ಪೋವ್ಲ್ ಎದ್ದು ಬಂದು, ಅವಳ ಜೊತೆ ಮೊಣಕಾಲೂರಿ, ಮೇಜಿನ ಇನ್ನೊಂದು ಕಾಲಿನ ಹತ್ತಿರ ನೆಲ ಒರೆಸಿದ.

ಮೇ ನಡುವಿಗೆ ಹಿತ್ತಲಲ್ಲಿ ರಬಾರ್ಬರ್ ಗಿಡ ಎದ್ದು ನಿಂತಿತು. ಕೊಡೆಯಂಥ ಎಲೆ, ಕೆಂಪು ದಂಟು, ಹುಣಿಸೆಗೂ ಮೀರಿದ ಹುಳಿ. ಎಲೆ ಕಿತ್ತೆಸೆದು, ದಂಟಿನ ನಾರು ಸುಲಿದು, ಸಕ್ಕರೆಯಲ್ಲಿ ಅದ್ದಿ ಚೀಪುವುದು ನಮ್ಮ ಊರಿನ ಮಕ್ಕಳಿಗೆ ಬೇಸಿಗೆಯ ಮೊದಲ ರುಚಿ. ಎಲ್ನಾ ದೊಡ್ಡ ಮಕ್ಕಳಿಬ್ಬರಿಗೆ ಒಂದೊಂದು ದಂಟು ಕೊಟ್ಟು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿದಳು. ವಿಗ್ಗಾಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಯಾರ ಕೈಯಿಂದಲೂ ಏನೂ ಕಿತ್ತುಕೊಳ್ಳದಿರಲಿ ಎಂದು ಅವಳ ಎರಡೂ ಮುಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದಿದ್ದಳು.

ಸ್ಟೋರ್ಮ್ ಕಚ್ಚಿದ. ಮುಖ ಕಿವುಚಿ, ಭುಜ ನಡುಗಿಸಿ, "ಹ್ಞಾ!" ಎಂದು ಕೂಗಿ ಮತ್ತೆ ಕಚ್ಚಿದ. ವಿಗ್ಗಾಳ ತುಟಿಯಿಂದ ಜೊಲ್ಲು ಇಳಿಯಿತು. ಅದನ್ನು ಒರೆಸಲು ಎಲ್ನಾ ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು.

ಬಾಯಿಯ ಮೂಲೆಯಿಂದ ಕಿವಿಯ ಕಡೆಗೆ ಒಂದು ಕೆಂಪು ಪಟ್ಟೆ, ಯಾರೋ ಕುಂಚದಲ್ಲಿ ಎಳೆದಂತೆ ಮೂಡುತ್ತಿತ್ತು. ಎಡಗೆನ್ನೆಯಲ್ಲಿ ಮಾತ್ರ. ಮುಖ ತಿರುಗಿಸಿ ನೋಡಿದಳು. ಬಲಗೆನ್ನೆ ಬೆಳ್ಳಗಿತ್ತು.

ಮಗು ಬೆಳಗಿನ ಗಂಜಿಯ ನಂತರ ಏನನ್ನೂ ಮುಟ್ಟಿರಲಿಲ್ಲ.

ಎಲ್ನಾ ಹತ್ತು ತಿಂಗಳ ಮಧ್ಯಾಹ್ನಗಳನ್ನು ಒಂದೊಂದಾಗಿ ನೆನೆದಳು. ಕೆಂಪು ಬಂದಾಗಲೆಲ್ಲ ಇದೇ ಕೆನ್ನೆಯೇ? ಹೌದು. ಮುಖ ಒರೆಸುವಾಗಲೆಲ್ಲ ಅವಳ ಕೈ ಇದೇ ಬದಿಗೆ ಹೋಗುತ್ತಿತ್ತು. ತಿಂದದ್ದೇನು ಎಂದು ಮಾತ್ರ ಬರೆದಿದ್ದಳು. ಕೆಂಪು ಎಲ್ಲಿ ಬಂತು ಎಂದು ಬರೆದಿರಲಿಲ್ಲ. ಅವಳು ಫೋನ್ ಎತ್ತಿಕೊಂಡಳು.

ಸಿಗ್ನೆ ಹತ್ತು ನಿಮಿಷದಲ್ಲಿ ಬಂದಳು. ಕಾರ್ಖಾನೆಯ ಬಿಳಿ ರಬ್ಬರ್ ಬೂಟು, ತಲೆಯ ಮೇಲೆ ಬಲೆಟೋಪಿ, ಮೈಯೆಲ್ಲ ಉಪ್ಪುಹಬೆಯ ವಾಸನೆ. "ಏನಾಯ್ತು? ಉಸಿರಾಡ್ತಿದಾಳಾ?"

"ಚೆನ್ನಾಗಿದಾಳೆ. ಕೂತ್ಕೋ. ಕೆಂಪು ಇಳಿಯೋವರೆಗೂ ಕಾಯೋಣ."

"ನಂಗೆ ಕೆಲಸ ಇದೆ, ಎಲ್ನಾ!"

"ಅರ್ಧ ಗಂಟೆ. ಆಮೇಲೆ ನೀನು ನನ್ನ ಮೇಲೆ ಏನು ಬೇಕಾದ್ರೂ ಬರೆದುಕೊಡು, ನಾನೇ ಸಹಿ ಹಾಕ್ತೀನಿ."

ಸಿಗ್ನೆ ಮೆಟ್ಟಿಲ ಮೇಲೆ ಕೂತಳು. ಕೆನ್ನೆ ತಿಳಿಯಾದ ಮೇಲೆ ಎಲ್ನಾ ಮಗುವಿನ ಕೈ, ಮುಖ, ಬಾಯಿ ತೊಳೆದು ತಾಯಿಯ ತೊಡೆಗೆ ಕೊಟ್ಟಳು. "ಎರಡು ಕೈನೂ ನೀನೇ ಹಿಡ್ಕೋ. ನಾನು ಅಲ್ಲಿ ಬೇಲಿ ಹತ್ರ ನಿಲ್ತೀನಿ. ಸ್ಟೋರ್ಮ್, ಇನ್ನೊಂದು ದಂಟು ಬೇಕೇನೋ?"

"ಎರಡು," ಎಂದ ಸ್ಟೋರ್ಮ್.

ಅವನು ಕಚ್ಚಿದ. ವಿಗ್ಗಾ ನೋಡಿದಳು, ನಾಲಿಗೆ ಚಪ್ಪರಿಸಿದಳು. ಬೇಲಿಯ ಬಳಿ ನಿಂತ ಎಲ್ನಾಳಿಗೆ ಮಗುವಿನ ಕೆನ್ನೆ ಕಾಣುತ್ತಿರಲಿಲ್ಲ. ಅವಳು ಸಿಗ್ನೆಯ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಏನೋ ಬದಲಾದದ್ದು ಕಂಡಿತು.

"ಏನೂ ತಿಂದಿಲ್ಲ," ಎಂದಳು ಸಿಗ್ನೆ, ತನಗೇ ಹೇಳಿಕೊಳ್ಳುವಂತೆ.

"ಇಲ್ಲ."

"ಬರೀ ನೋಡಿದ್ಲು."

"ಹೌದಮ್ಮ. ನಿನ್ನ ಮನೇಲಿ ಅವಳ ಮುಂದೆ ಯಾರೂ ರುಚಿಯಾಗಿ ತಿನ್ನಲ್ಲ. ಇಲ್ಲಿ ಮೂವರು ತಿಂತಾರೆ."

ಸಿಗ್ನೆ ಆ ಪಟ್ಟೆಯ ಮೇಲೆ ಬೆರಳಾಡಿಸಿದಳು, ಬಾಯಿಯಿಂದ ಕಿವಿಯವರೆಗೆ. ಕಿವಿಯ ಮುಂದೆ ಬೆರಳು ನಿಂತಿತು. "ಹುಟ್ಟಿದಾಗ ಇಲ್ಲೇ ನೀಲಿಗಟ್ಟಿತ್ತು. ಇಕ್ಕಳ ಹಾಕಿ ಎಳೆದಿದ್ರು. ವಾರದಲ್ಲಿ ಹೋಯ್ತು ಅಂತ ಮರೆತೇಬಿಟ್ಟಿದ್ದೆ."

ಅದಕ್ಕೂ ಇದಕ್ಕೂ ಏನು ನಂಟೆಂದು ಇಬ್ಬರಿಗೂ ತಿಳಿಯಲಿಲ್ಲ. ಆದರೂ ಎಲ್ನಾ ಅದನ್ನು ಪುಸ್ತಕದಲ್ಲಿ ಬರೆದಳು: ಎಡಗೆನ್ನೆ ಮಾತ್ರ, ತಿನ್ನದೆ ಬಂತು, ಹುಟ್ಟುವಾಗ ಇಕ್ಕಳ. ಆ ಹಾಳೆಯನ್ನು ಹಿಡಿದು ಸಿಗ್ನೆ ಜಿಲ್ಲಾಸ್ಪತ್ರೆಯ ಮಕ್ಕಳ ವೈದ್ಯರ ಬಳಿ ಹೋದಳು.

ವೈದ್ಯರು ಹಾಳೆಯನ್ನು ಎರಡು ಸಲ ಓದಿದರಂತೆ. ಒಂದು ಹನಿ ನಿಂಬೆರಸವನ್ನು ಮಗುವಿನ ನಾಲಿಗೆಗೆ ಮುಟ್ಟಿಸಿ, ಕೈಕಟ್ಟಿ ಕೂತು ನೋಡಿದರಂತೆ. ಪಟ್ಟೆ ಬಂತು. "ಇದು ಅಲರ್ಜಿ ಅಲ್ಲ," ಎಂದರು. "ಹುಟ್ಟುವಾಗ ಕೆನ್ನೆಯ ನರಕ್ಕೆ ಪೆಟ್ಟಾಗಿದೆ. ಮತ್ತೆ ಬೆಳೆಯೋವಾಗ ಎಳೆ ದಾರಿ ತಪ್ಪಿದೆ. ಜೊಲ್ಲು ಬರಲಿ ಅಂತ ಹೋಗೋ ಸುದ್ದಿ ಚರ್ಮಕ್ಕೂ ಮುಟ್ಟುತ್ತೆ, ಅದು ಕೆಂಪಾಗುತ್ತೆ. ನೋವಿಲ್ಲ, ಅಪಾಯ ಇಲ್ಲ. ಬೆಳೀತಾ ಬೆಳೀತಾ ಸಾಮಾನ್ಯವಾಗಿ ಕಡಿಮೆ ಆಗುತ್ತೆ. ಇದಕ್ಕೆ ಔಷಧಿ ಬೇಡ. ಊಟ ಬೇಕು."

ಮರುದಿನ ಬೆಳಿಗ್ಗೆ ಸಿಗ್ನೆ ಎಂದಿನಂತೆ ಬಂದಳು, ಎಂದಿನಂತೆ ಹೊರಡಲಿಲ್ಲ. ಕಚೇರಿಗೆ ಕೊಟ್ಟ ಅರ್ಜಿಯನ್ನು ಹಿಂದಕ್ಕೆ ಪಡೆದೆನೆಂದು ಹೇಳಿದಳು.

"ನಾನು ಕೇಳಿದ್ದೆ. ನೀವು ಉತ್ತರ ಕೊಟ್ಟಿದ್ರಿ. ನಾನು ನಂಬಲಿಲ್ಲ."

ಎಲ್ನಾ ಬ್ರೆಡ್ಡು ಕೊಯ್ಯುತ್ತಿದ್ದಳು. ಪರವಾಗಿಲ್ಲ ಎನ್ನಲಿಲ್ಲ. "ಎರಡು ವಾರ ನಾನೇ ನನ್ನನ್ನ ನಂಬಿರಲಿಲ್ಲ ಸಿಗ್ನೆ," ಎಂದಳು. "ನೆಲದ ಮೇಲೆ ಮಂಡಿಯೂರಿ ಪುಡಿ ಹುಡುಕಿದೆ. ಅದು ನೋಯಿಸ್ತು. ಈಗ ಹೇಳ್ದೆ, ಮುಗೀತು. ಹೋಗು, ಕೆಲಸಕ್ಕೆ ತಡ ಆಗುತ್ತೆ."

ಎಲ್ಲ ಅಲ್ಲಿಗೇ ಸರಿಹೋಯಿತು ಎಂದುಕೊಂಡರೆ ತಪ್ಪು. ಅಂದು ಮಧ್ಯಾಹ್ನ ವಿಗ್ಗಾಳ ತಟ್ಟೆಯಲ್ಲಿ ಎಲ್ಲವೂ ಇತ್ತು. ಅವಳು ಬೆಣ್ಣೆ ಹಚ್ಚಿದ ಬ್ರೆಡ್ಡಿನ ತುಂಡನ್ನು ಎತ್ತಿದಳು, ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದಳು, ಎಲ್ನಾಳ ಮುಖ ನೋಡಿದಳು. ಎಲ್ನಾ ತಲೆಯಾಡಿಸಿದ ಮೇಲೆ ಕಚ್ಚಿದಳು. ಎರಡನೆಯ ತುತ್ತಿಗೂ ಹಾಗೆಯೇ. ಬೇಡ ಬೇಡ ಎಂಬ ಒಂದು ಇಡೀ ಚಳಿಗಾಲ ಆ ಪುಟ್ಟ ಕೈಯಲ್ಲಿ ಕೂತಿತ್ತು. ಔಷಧಿ ಬೇಡವೆಂದ ವೈದ್ಯರಿಗೆ ಇದು ಗೊತ್ತಿರಲಿಲ್ಲ.

ಎಲ್ನಾ ಬೇಸಿಗೆಯುದ್ದಕ್ಕೂ ತಲೆಯಾಡಿಸಿದಳು. ಜುಲೈ ಕಳೆದ ಮೇಲೆ ಬೇಕೆಂದೇ ಬೇರೆ ಕಡೆ ನೋಡುತ್ತ ಕೂತಳು. ಮಗು ಕಾಯುತ್ತಿತ್ತು. ಅವಳು ಕಿಟಕಿಯಾಚೆಯ ಕಡಲಕ್ಕಿಗಳನ್ನು ಎಣಿಸುತ್ತ, ತನ್ನ ಬ್ರೆಡ್ಡನ್ನು ತಾನು ತಿನ್ನುತ್ತಿದ್ದಳು. ಮಗು ಇನ್ನಷ್ಟು ಕಾದು, ಕೊನೆಗೆ ಕಚ್ಚುತ್ತಿತ್ತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಎಲ್ನಾ ನೀರಿನ ಹೂಜಿ ತರಲು ಎದ್ದಿದ್ದಳು. ಬೆನ್ನ ಹಿಂದೆ, ಮೂರು ತುಂಬಿ ಹೊರಟ ಸ್ಟೋರ್ಮ್‌ನ ಜಾಗಕ್ಕೆ ಬಂದಿದ್ದ ಅವನ ತಮ್ಮ ಕಿರುಚಿದ. ತಿರುಗಿ ನೋಡಿದರೆ ವಿಗ್ಗಾ ಅವನ ತಟ್ಟೆಯಿಂದ ವಿನೆಗರಿನಲ್ಲಿ ನೆನೆಹಾಕಿದ ಸೌತೆಯನ್ನು ಹಾರಿಸಿ, ಯಾರ ಮುಖವನ್ನೂ ನೋಡದೆ, ಪೂರ್ತಿ ಬಾಯಿಗೆ ತುರುಕಿಕೊಂಡಿದ್ದಳು. ಎಡಗೆನ್ನೆ ಕೆಂಡದಂತೆ ಉರಿಯುತ್ತಿತ್ತು.

ಎಲ್ನಾ ಮತ್ತೆ ಮೇಜಿಗೆ ಕೂತು, ಅಳುತ್ತಿದ್ದ ಹುಡುಗನ ತಟ್ಟೆಗೆ ತನ್ನ ಪಾಲಿನ ಸೌತೆಯನ್ನು ಹಾಕಿದಳು. ಆ ಸಂಜೆಯ ಪುಸ್ತಕದಲ್ಲಿ ಬರೆದಳು: ಇವತ್ತು ವಿಗ್ಗಾ ಕದ್ದು ತಿಂದಳು.