ಬಾಯಿ ಅಣ್ಣನದು, ಕೈ ಅಕ್ಕನದು

ಸೂರ್ಯ ಇನ್ನೂ ಎದುರಿನ ಗೋದಾಮಿನ ತಗಡಿನ ಮಾಡು ದಾಟಿಲ್ಲ. ಶೆಡ್ಡಿನ ಶಟರ್ ಅರ್ಧ ಮಾತ್ರ ಮೇಲೇರಿದೆ. ಒಳಗೆ ಬಿಳಿ ವ್ಯಾನೊಂದರ ಮುಂದಿನ ಮೂಲೆಗೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದಾರೆ, ಗಾಡಿಗಳ ಶಾಕ್ ಅಬ್ಸಾರ್ಬರ್ ಬದಲಿಸುವುದರಿಂದ ಎಲ್ಲರಿಗೂ ‘ಶಾಕಪ್ ಅಕ್ಕ’ ಆದವರು. ಒತ್ತಿ, ಥಟ್ಟನೆ ಕೈ ಬಿಡುತ್ತಾರೆ. ವ್ಯಾನು ಎದ್ದು, ಕುಸಿದು, ಮತ್ತೆ ಎದ್ದು, ಯಾರೋ ತೂಗಿಬಿಟ್ಟ ತೊಟ್ಟಿಲಿನಂತೆ ಆಡುತ್ತಲೇ ಇರುತ್ತದೆ.

“ನೋಡು ತಮ್ಮ, ಹೇಗೆ ಕುಣೀತಿದೆ. ಸರಿ ಇರೋ ಗಾಡಿ ಒಂದ್ಸಲ ಎದ್ದು ತೆಪ್ಪಗೆ ನಿಲ್ಲುತ್ತೆ,” ಎನ್ನುತ್ತಾರೆ ಚಾಲಕನಿಗೆ.

ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯುವುದು ಆತನ ಕೆಲಸ. ಸೊಂಟದ ಶಸ್ತ್ರಚಿಕಿತ್ಸೆಯಾದ ಅಜ್ಜಿಯೊಬ್ಬರನ್ನು ಇಂದು ಮಧ್ಯಾಹ್ನದೊಳಗೆ ವೈದ್ಯರಿಗೆ ತೋರಿಸಬೇಕು. ಕಳೆದ ಸಲ ರಸ್ತೆಯ ಉಬ್ಬು ಬಂದಾಗಲೆಲ್ಲ ಅಜ್ಜಿ ನರಳಿದ್ದರಂತೆ. “ಇಳಿಸಿಬಿಡಪ್ಪ, ನಡ್ಕೊಂಡೇ ಹೋಗ್ತೀನಿ ಅಂದ್ರು ಅಕ್ಕ. ಎದ್ದು ನಿಲ್ಲೋಕೂ ಆಗದವರು,” ಎಂದು ಆತ ತಲೆ ತಗ್ಗಿಸುತ್ತಾನೆ.

ಅಕ್ಕ ತಾವೇ ಗಾಡಿ ಹತ್ತಿ ಬೀದಿಯ ಉಬ್ಬುಗಳ ಮೇಲೆ ಒಂದು ಸುತ್ತು ಹಾಕಿ ಬರುತ್ತಾರೆ. ಎಡಗಡೆಯಿಂದ ‘ಡಬ್, ಡಬ್’ ಎಂಬ ಸದ್ದು. ರಟ್ಟು ಹಾಸಿ ಕೆಳಗೆ ತೂರಿ, ಟಾರ್ಚ್ ಬಿಟ್ಟು ನೋಡುತ್ತಾರೆ. ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಕಂಬದಂತೆ ನಿಂತು ಏಟು ತಿನ್ನುವ ಸ್ಟ್ರಟ್‌ನ ಮೈಮೇಲೆ ಎಣ್ಣೆ ಜಿನುಗಿ, ದೂಳು ಮೆತ್ತಿಕೊಂಡಿದೆ. ಬಲಗಡೆಯದಕ್ಕೂ ಅದೇ ಗತಿ. ಟೈರನ್ನು ಅಂಗೈಯಿಂದ ಸವರಿದರೆ ಒಂದೆಡೆ ಸವೆದು ತಗ್ಗು, ಇನ್ನೊಂದೆಡೆ ದಿಣ್ಣೆ.

“ಸದ್ದು ಎಡಗಡೆ ಮಾತ್ರ ಅಲ್ವಾ ಅಕ್ಕ? ಒಂದೇ ಹಾಕಿಬಿಡಿ.”

“ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದಿದ್ದು ಹಾಕ್ಕೊಂಡು ನಡೀತೀಯಾ?”

“ನಡೀತಾನೆ, ಕುಂಟ್ಕೊಂಡು,” ಎಂಬ ದನಿ ಮೂಲೆಯ ಕುರ್ಚಿಯಿಂದ ಬರುತ್ತದೆ. ಅವರು ಅಕ್ಕನ ಅಣ್ಣ, ಈ ಶೆಡ್ಡನ್ನು ಕಟ್ಟಿದವರು.

ಒಂದು ಕಾಲಕ್ಕೆ ಈ ಕೆಲಸವೆಲ್ಲ ಅವರದೇ ಆಗಿತ್ತು. ಸ್ಟ್ರಟ್‌ಗೆ ದಪ್ಪ ಸ್ಪ್ರಿಂಗೊಂದು ಸುತ್ತಿಕೊಂಡಿರುತ್ತದೆ. ಹಳೆಯದನ್ನು ಬಿಚ್ಚಬೇಕಾದರೆ ಆ ಸ್ಪ್ರಿಂಗನ್ನು ಎರಡು ಬದಿಯ ಕೊಕ್ಕೆಗಳಿಂದ ಹಿಡಿದು, ತಿರುಪು ಸುತ್ತಿ ಅಮುಕಬೇಕು. ಅಮುಕಿದ ಸ್ಪ್ರಿಂಗ್ ಎಂದರೆ ಉಸಿರು ಬಿಗಿಹಿಡಿದ ಹುಲಿ. ಒಂದು ದಿನ ಕೊಕ್ಕೆ ಜಾರಿ, ಸಿಡಿದ ಸ್ಪ್ರಿಂಗ್ ಅಣ್ಣನ ಭುಜ ಮುರಿಯಿತು. ಅಂದಿನಿಂದ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ.

ತಂಗಿ ಆಗ ಮನೆಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. “ಅಣ್ಣ ಮಾತೇ ಬಿಟ್ಟಿದ್ದ. ಗೋಡೆ ನೋಡ್ಕೊಂಡು ಕೂತಿರ್ತಿದ್ದ. ನಂಗೆ ಸಾಕಾಗಿ ಒಂದಿನ ಶೆಡ್ಡಿನ ಬೀಗದ ಕೈ ತಗೊಂಡು, ನಡಿ ಅಂದೆ. ಯಾರು ಕೆಲಸ ಮಾಡ್ತಾರೆ ಅಂದ. ನೀನು ಹೇಳು, ನಾನು ಮಾಡ್ತೀನಿ ಅಂದೆ.”

ಬಾಯಿ ಅಣ್ಣನದು, ಕೈ ತಂಗಿಯದು. ಹಾಗೆ ಶುರುವಾದ ಕೆಲಸಕ್ಕೆ ಗಿರಾಕಿಗಳು ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಇಣುಕಿ ನೋಡಿ, “ಮೆಕ್ಯಾನಿಕ್ ಇಲ್ವಾ?” ಎಂದು ಕೇಳಿ ಹೋದವರೇ ಹೆಚ್ಚು. ಒಬ್ಬರಂತೂ, “ಇದು ಹೊಲಿಗೆ ಮೆಷಿನ್ ಅಲ್ಲಮ್ಮ,” ಎಂದರು. “ಅದಕ್ಕೇ ದಾರ ತಂದಿಲ್ಲ ಸಾರ್,” ಎಂದು ಅಕ್ಕ ಸ್ಪ್ಯಾನರ್ ಕೈಗೆತ್ತಿಕೊಂಡರು. ಅವರೀಗ ಕಾಯಂ ಗಿರಾಕಿ.

ಮಾತಿನಲ್ಲಿ ಹೀಗೆ ಧೈರ್ಯ ತೋರಿದರೂ, ಮೊದಲ ಸ್ಪ್ರಿಂಗ್ ಅಮುಕಿದ ದಿನವನ್ನು ನೆನೆದರೆ ಅಕ್ಕನ ದನಿ ಇಳಿಯುತ್ತದೆ. ಅಣ್ಣನಿಗೆ ನೋಡಲಾಗದೆ ಬಾಗಿಲಾಚೆ ಹೋಗಿ ಬೀದಿಯತ್ತ ಮುಖಮಾಡಿ ನಿಂತಿದ್ದರಂತೆ. “ಅಲ್ಲಿಂದಲೇ ಹೇಳ್ತಿದ್ದ. ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು, ಮುಖ ಎದುರಿಗೆ ಇಡಬೇಡ ಅಂತ. ಅವನು ಹೇಳಿದ ಹಾಗೇ ನಾನು ಸುತ್ತಿದೆ. ಆಯ್ತು ಅಣ್ಣ ಅಂದ್ಮೇಲೇ ತಿರುಗಿದ್ದು. ಅಷ್ಟೊತ್ತಿಗೆ ಅವನ ಅಂಗಿ ಬೆವರಲ್ಲಿ ತೊಯ್ದುಹೋಗಿತ್ತು.”

ಈಗ ಅಣ್ಣ ಹೊರಗೆ ಹೋಗುವುದಿಲ್ಲ. ಚಕ್ರ ಕಳಚಿ, ಬೋಲ್ಟು ಬಿಚ್ಚಿ, ಸ್ಟ್ರಟ್ ಹೊರಬಂದು ಮೇಜಿಗೆ ಬಿಗಿದ ಇಕ್ಕಳದಲ್ಲಿ ಸಿಕ್ಕಿಕೊಂಡ ಕೂಡಲೇ ಎದ್ದು ಬರುತ್ತಾರೆ. ಎಡಗೈಯಲ್ಲಿ ಟಾರ್ಚ್ ಹಿಡಿಯುತ್ತಾರೆ. ಅಕ್ಕ ಒಂದೊಂದೇ ಬದಿಯ ತಿರುಪು ಸುತ್ತುತ್ತಾರೆ. ಸ್ಪ್ರಿಂಗ್ ಸಣ್ಣಗೆ ನರಳುತ್ತದೆ.

“ನಿಲ್ಲು,” ಎನ್ನುತ್ತಾರೆ ಅಣ್ಣ. ಒಂದು ಕೊಕ್ಕೆ ಕೂದಲೆಳೆಯಷ್ಟು ಓರೆಯಾಗಿದೆ. ಅಕ್ಕ ಸುತ್ತಿದ್ದನ್ನೆಲ್ಲ ಸಡಿಲಿಸಿ ಮೊದಲಿನಿಂದ ಆರಂಭಿಸುತ್ತಾರೆ. ಚಾಲಕ ಮೊಬೈಲಿನಲ್ಲಿ ಹೊತ್ತು ನೋಡುತ್ತಾನೆ.

“ಅಜ್ಜಿ ಕಾಯ್ತಿರ್ತಾರೆ ಅಕ್ಕ.”

“ಫೋನ್ ಮಾಡಿ ಹೇಳು, ಸ್ವಲ್ಪ ತಡ ಆಗುತ್ತೆ ಅಂತ. ಅವಸರಕ್ಕೆ ಬಿದ್ದು ಒಂದು ಭುಜ ಕಳ್ಕೊಂಡಿದೀವಿ, ಇನ್ನೊಂದು ಕೊಡೋಕಾಗಲ್ಲ.”

ಎರಡನೆಯ ಸಲ ಕೊಕ್ಕೆ ನೆಟ್ಟಗೆ ಕೂರುತ್ತದೆ. ಹಳೆಯದು ಕಳಚುತ್ತದೆ, ಹೊಸದು ಸೇರುತ್ತದೆ. ನಂತರ ಬಲಗಡೆಯದು. ಎರಡೂ ಚಕ್ರ ಕೂಡಿಸಿ ನೆಲಕ್ಕಿಳಿಸಿದ ಮೇಲೆ ಅಕ್ಕ ಮತ್ತೆ ಮೂಲೆಗೆ ಕೈ ಊರಿ ಒತ್ತಿ ಬಿಡುತ್ತಾರೆ. ವ್ಯಾನು ಒಮ್ಮೆ ಎದ್ದು, ಹೇಳಿದ ಮಾತು ಕೇಳುವ ಮಗುವಿನಂತೆ ನಿಲ್ಲುತ್ತದೆ. ಪಕ್ಕದ ಬೀದಿಯಲ್ಲಿ ಚಕ್ರಗಳು ನೇರ ಓಡುವಂತೆ ಅಲೈನ್‌ಮೆಂಟ್ ಮಾಡಿಸಿಕೊಂಡೇ ಹೋಗಬೇಕೆಂದು ತಾಕೀತು ಮಾಡಿ ಬೀಳ್ಕೊಡುತ್ತಾರೆ.

ದಿನಕ್ಕೆ ಇಂಥ ಎರಡು ಗಾಡಿ, ಕೆಲವೊಮ್ಮೆ ಮೂರು. ಸಂಜೆಗೆ ಮೊಣಕಾಲು ನೋಯುತ್ತದೆ, ಉಗುರಿನ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ. ಆದರೂ ಮಧ್ಯಾಹ್ನ ಚಾಲಕನ ಫೋನ್ ಬಂದಾಗ ಅವರ ಮುಖ ನೋಡಬೇಕು. “ಹೌದಾ? ನಿಜವಾಗ್ಲೂ?” ಎಂದು ಕೇಳಿಸಿಕೊಂಡು, ಅಣ್ಣನತ್ತ ತಿರುಗುತ್ತಾರೆ. “ಅಜ್ಜಿ ದಾರೀಲೇ ನಿದ್ದೆ ಹೋದ್ರಂತೆ. ಆಸ್ಪತ್ರೆ ಬಾಗಿಲಲ್ಲಿ ಎಬ್ಬಿಸ್ಬೇಕಾಯ್ತಂತೆ.”

“ಮತ್ತೆ? ಕೆಲಸ ಮಾಡಿದ್ದು ಯಾರು?” ಎನ್ನುತ್ತಾರೆ ಅಣ್ಣ. ಹೊಗಳಿಕೆ ಅವರ ಬಾಯಲ್ಲಿ ಅಪರೂಪ. ಅಕ್ಕ ತಲೆ ಬಗ್ಗಿಸಿ ಸ್ಪ್ಯಾನರ್ ಒರೆಸತೊಡಗುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಒರೆಸಿದ ಸ್ಪ್ಯಾನರನ್ನು ಪಕ್ಕಕ್ಕಿಡುತ್ತಾರೆ. “ಇಷ್ಟು ಗಾಡಿ ಓಡಿಸಿ ನೋಡಿದೀನಿ, ಎಲ್ಲಾ ಈ ಬೀದಿ ಕೊನೆ ತನಕ. ಒಂದ್ಸಲ ಹಿಂದಿನ ಸೀಟಲ್ಲಿ ಕಿಟಕಿ ಪಕ್ಕ ಕೂತು ದೂರ ಹೋಗ್ಬೇಕು. ಅಣ್ಣ ಮುಂದೆ ಕೂರ್ಲಿ. ಆದ್ರೆ ಗಾಡಿ ಮಾತ್ರ ನಾನು ರಿಪೇರಿ ಮಾಡಿದ್ದೇ ಆಗ್ಬೇಕು,” ಎಂದು ನಗುತ್ತಾರೆ. “ಬೇರೆಯವರು ಮಾಡಿದ್ರಲ್ಲಿ ನಂಗೆ ನಿದ್ದೆ ಬರಲ್ಲ.”