ನನ್ನ ಡೈನೋಸಾರಿಗೆ ಗರಿ ಬಂದದ್ದು

ನಮ್ಮೂರ ಹೈಸ್ಕೂಲಿನ ಗೋಡೆಯ ಮುಂದೆ ಆ ದಿನ ಮೂವರು ನಿಂತಿದ್ದೆವು: ಹೆಡ್ ಮಾಸ್ತರರು, ಹೊಸದಾಗಿ ಬಂದ ವಿಜ್ಞಾನದ ಅಕ್ಕೋರು ಮತ್ತು ನಾನು. ಗೋಡೆಯ ಮೇಲೆ ಒಂದು ದೊಡ್ಡ ಡೈನೋಸಾರು, ಅದರ ಕಾಲ ಬಳಿ ಓಡುತ್ತಿರುವ ಇನ್ನೊಂದು ಸಣ್ಣದು. ಎರಡನ್ನೂ ಬರೆದವನು ನಾನೇ, ಇಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದಾಗ.

“ಮಾಸ್ತರ, ಸಿಟ್ಟಾಗಬ್ಯಾಡ್ರಿ. ಆ ಸಣ್ಣದಕ್ಕ ಮೈತುಂಬ ಪುಕ್ಕ ಇದ್ವು. ತಿದ್ದಬೇಕ್ರಿ,” ಎಂದರು ಅಕ್ಕೋರು.

ನಾನು ಸಿಟ್ಟಾದೆ. ಕಲಘಟಗಿ ಬಸ್ಸಿನ ಜನ ಕಿಟಕಿಯಿಂದ ಕತ್ತು ಹೊರಹಾಕಿ ನೋಡುವ ನನ್ನ ಚಿತ್ರವೆಂದರೆ ಅದೊಂದೇ. ಬೇಲಿಯ ಮೇಲಿನ ಓತಿಕ್ಯಾತನನ್ನು ನೋಡಿ ಆಕಾರ ತೆಗೆದಿದ್ದೆ. ಚರ್ಮಕ್ಕೆ ಹಾಗಲಕಾಯಿಯನ್ನು ಎದುರಿಗೆ ಇಟ್ಟುಕೊಂಡಿದ್ದೆ.

“ಪುಕ್ಕ ಇದ್ದದ್ದನ್ನ ಯಾರ ನೋಡ್ಯಾರ್ರಿ?” ಎಂದೆ.

“ಎಲುಬು ನೋಡ್ಯಾರ್ರಿ. ಮುಂಗೈ ಎಲುಬಿನ ಮ್ಯಾಲ ಸಾಲಾಗಿ ಸಣ್ಣ ಸಣ್ಣ ಗಂಟು ಅದಾವು, ಗರಿ ಬುಡ ಕೂಡೂ ಜಾಗ. ಕೋಳಿ ರೆಕ್ಕಿ ಎಲುಬು ಸವರಿದ್ರೂ ಕೈಗೆ ಹತ್ತತಾವು. ನೀವು ನೋಡಿಲ್ಲೇನು?”

ಎಲ್ಲಿಂದ ನೋಡಲಿ? ನಮ್ಮ ಮನೆಯಲ್ಲಿ ಕೋಳಿಯೆಂದರೆ ಬೆಳಗಿನ ಕೂಗು ಮಾತ್ರ, ಅದೂ ಬಾಜು ಮನೆಯದು. ಹೆಡ್ ಮಾಸ್ತರರು ನಕ್ಕರು: “ಕಾಯಿಪಲ್ಲೆ ಮಂದಿ ಬರೆದ್ರ ಡೈನೋಸಾರೂ ಕಾಯಿಪಲ್ಲೇನ ಆಕ್ಕೈತಿ!”

ಆಮೇಲೆ ಅಕ್ಕೋರು ಕೊಟ್ಟ ಪುಸ್ತಕಗಳನ್ನು ಓದಿ ಸ್ವಲ್ಪ ಸಮಾಧಾನವಾಯಿತು. ದೊಡ್ಡ ದೊಡ್ಡ ಪಂಡಿತರೂ ಬಹಳ ಕಾಲ ಬರೀ ಎಲುಬು ಕಂಡು, ತಾವು ಬಲ್ಲ ಹಲ್ಲಿಯ ಚರ್ಮವನ್ನೇ ಅದಕ್ಕೆ ಹೊದಿಸಿದ್ದರಂತೆ. ಮುಂದೆ ಚೀನಾದ ನುಣುಪಾದ ಕಲ್ಲಿನ ಪದರಗಳಲ್ಲಿ, ಹಸಿ ಸಿಮೆಂಟಿನಲ್ಲಿ ಎಲೆ ಒತ್ತಿದ ಹಾಗೆ, ಎಲುಬಿನ ಸುತ್ತ ಗರಿಯ ಗುರುತುಗಳು ಸಿಕ್ಕವು. ಕೆಲವು ಗರಿಗಳ ಬಣ್ಣವೂ ತಿಳಿಯಿತು. ಒಂದರ ಬಾಲದಲ್ಲಿ ಕಾವಿ ಬಣ್ಣದ ಪಟ್ಟೆಗಳಿದ್ದವು. ದೊಡ್ಡ ಪ್ರಾಣಿಗೆ ಪುಕ್ಕ ಎಷ್ಟಿತ್ತು, ಇತ್ತೋ ಇಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಹಾಗಾಗಿ ದೊಡ್ಡದರ ಮೈಮೇಲಿನ ನನ್ನ ಹಾಗಲಕಾಯಿಯಾದರೂ ಉಳಿಯಿತು.

ನಿಜವಾದ ನಾಚಿಕೆ ಬೇರೆಯದು. ನಮ್ಮಪ್ಪ ಕಲಘಟಗಿಯ ತೊಟ್ಟಿಲಿಗೆ ಬಣ್ಣ ಬರೆಯುವವ. ನಾನು ಅಕ್ಷರಕ್ಕಿಂತ ಮೊದಲು ಕಲಿತದ್ದು ತೊಟ್ಟಿಲ ಮೇಲಿನ ಗಿಣಿಯ ಗರಿ. “ಬಾಲದಿಂದ ಶುರು ಮಾಡಲೇ, ಮ್ಯಾಲಿನ ಗರಿ ಕೆಳಗಿಂದರ ಮ್ಯಾಲೆ ಕೂಡಬೇಕು,” ಎನ್ನುತ್ತಿದ್ದ ಅಪ್ಪ. ಕೈಯಲ್ಲಿ ಇಷ್ಟು ಗರಿ ಇಟ್ಟುಕೊಂಡು ನಾನು ಹಾಗಲಕಾಯಿ ಹುಡುಕಿದ್ದೆ!

ಮುಂದಿನ ರವಿವಾರ ಏಣಿ ಹತ್ತಿದೆ. ಸಣ್ಣದರ ಹಳೆಯ ಬಣ್ಣ ಕೆರೆಯಲು ಕೈ ಏಳಲಿಲ್ಲ. ಕಡೆಗೆ ಕೆರೆದೆ, ಬಾಲದಿಂದ ಶುರು ಮಾಡಿದೆ. ಮೂರನೆಯ ದಿನ ಬಸ್ಸಿನಿಂದ ಯಾರೋ ಕೂಗಿದರು: “ಮಾಸ್ತರ, ಅದು ಕೋಳಿ ಆತಲ್ರಿ!”

“ಹೌದ್ರಿ, ಆಗಾಕ ಭಾಳ ವರ್ಷ ಹಿಡೀತು!” ಎಂದೆ.

ಇದಾಗಿ ಒಂದು ವರ್ಷಕ್ಕೆ ಅಕ್ಕೋರಿಗೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ನಾನೇ ಬಣ್ಣ ಬರೆದೆ. ಗಿಣಿಗಳ ಸಾಲಿನಲ್ಲಿ ಒಂದಕ್ಕೆ ಹಲ್ಲು ಬರೆದು, ರೆಕ್ಕೆಗೆ ಮೂರು ಉಗುರು ಕೊಟ್ಟೆ. ಹೆಸರಿಡುವ ದಿನ ಅಕ್ಕೋರ ತಾಯಿ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ತೊಟ್ಟಿಲ ಪೂಜೆಗೆ ಬಗ್ಗಿದವರು ಹಾಗೇ ನಿಂತರು.

“ಮಾಸ್ತರ, ಈ ಗಿಣಿಗೆ ಹಲ್ಲ ಯಾಕ್ರಿ?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ಹೇಳಿದರು, “ಯವ್ವಾ, ಅದು ಗಿಣಿ ಮನಿತನದ ಹಿರೇರು ಬೇ.”

ಮುದುಕಿ ಅದನ್ನು ಒಮ್ಮೆ ದಿಟ್ಟಿಸಿ ನೋಡಿದರು. ಆಮೇಲೆ ಮೊದಲ ಕುಂಕುಮವನ್ನು ಅದಕ್ಕೇ ಹಚ್ಚಿದರು.